ತಡವಾಗಿ ಕೂಗಿದ ಆನೆ ಮೆಸೇಜು

ಸಂಜೆ ನಾಲ್ಕು ಐವತ್ತೆರಡಕ್ಕೆ ಮೊದಲ ಗುಡುಗು. ಎರಡನೆಯದು ಕೇಳುವಷ್ಟರಲ್ಲಿ ನಮ್ಮತ್ತೆ ಮನೆಯ ಪ್ಲಗ್‌ಗಳನ್ನೆಲ್ಲ ಕಿತ್ತು ಮುಗಿಸಿದ್ದರು.

ಇದರಲ್ಲಿ ಸುದ್ದಿಯೇನಿದೆ ಎನ್ನುತ್ತೀರಿ. ನಿಜ, ಮೂಡಿಗೆರೆಯಿಂದ ದೇವರಮನೆವರೆಗೆ ಯಾವ ಮನೆಗೆ ಹೋದರೂ ಗುಡುಗಿಗೆ ಇದೇ ಉತ್ತರ. ಮೊದಲು ಟಿವಿ, ಆಮೇಲೆ ಫ್ರಿಜ್ಜು, ಆಮೇಲೆ ಇಂಟರ್ನೆಟ್ಟಿನ ಡಬ್ಬಿ. ಸಿಡಿಲಿಗೆ ಒಂದಾದರೂ ಟಿವಿ ಕೊಡದ ಮನೆ ಇಲ್ಲಿ ಕಡಿಮೆ. (ನಮ್ಮತ್ತೆಯಂತೂ ಕುಂಯ್ ಕುಂಯ್ ಎನ್ನುವ ಯುಪಿಎಸ್‌ನ ಬಾಯನ್ನೂ ಮುಚ್ಚಿಸಿದ ಮೇಲೆಯೇ ಕುರ್ಚಿಯಲ್ಲಿ ಕೂರುವವರು.)

ಆದರೆ ಅವತ್ತು ಅವರು ಕಿತ್ತ ಪ್ಲಗ್‌ಗಳಲ್ಲಿ ಒಂದು, ಸುತ್ತಲಿನ ತೋಟಗಳಿಗೆಲ್ಲ ಆನೆ ಬಂದ ಸುದ್ದಿ ಮುಟ್ಟಿಸುವ ಕಂಪ್ಯೂಟರಿನದು. ಅದಾಗಿ ಸ್ವಲ್ಪ ಹೊತ್ತಿಗೆ ನಾನು ಮೆಣಸು ಕೊಯ್ಯುವವರ ಜೊತೆ ಕೆರೆ ದಾರಿ ಹಿಡಿದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಪೇಟೆಯಲ್ಲಿ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವ ಇಮ್ತಿಯಾಜ್ ನಮ್ಮೆಲ್ಲರಿಗಾಗಿ ಒಂದು ವ್ಯವಸ್ಥೆ ಮಾಡಿಕೊಟ್ಟಿದ್ದ. ಆನೆ ಕಂಡವರು ಫೋನಿನಲ್ಲಿ ಒಂದು ಗುಂಡಿ ಒತ್ತಬೇಕು. ಆ ಸುದ್ದಿ ನಮ್ಮ ಆಫೀಸ್ ರೂಮಿನ ಕಂಪ್ಯೂಟರಿಗೆ ಬರುತ್ತದೆ. ಅದರ ಬೆನ್ನಿಗೆ ಸಿಕ್ಕಿಸಿದ ಪುಟ್ಟ ಡಾಂಗಲ್‌ನಲ್ಲಿ ಒಂದು ಸಿಮ್. ಅದು ಎಲ್ಲರಿಗೂ ಎಸ್ಸೆಮ್ಮೆಸ್ ಕಳಿಸುತ್ತದೆ. ತೋಟದೊಳಗೆ ಎಲ್ಲ ಕಡೆ ಇಂಟರ್ನೆಟ್ ಸಿಗುವುದಿಲ್ಲ, ಕೆಲಸದವರಲ್ಲಿ ಹೆಚ್ಚಿನವರದು ಬಟನ್ ಫೋನು. ಅದಕ್ಕೇ ಎಸ್ಸೆಮ್ಮೆಸ್. ಯಾರಿಗೂ ಕೇಳಿಸದೆ ಹೋಗಬಾರದೆಂದು ಎಲ್ಲರ ಫೋನಿಗೂ ಅವನೇ ಒಂದು ಸೈರನ್ ಟೋನು ಹಾಕಿಕೊಟ್ಟಿದ್ದ.

ತೊಂದರೆ ಒಂದೇ, ನಮ್ಮತ್ತೆ. ಆ ಕಂಪ್ಯೂಟರಿನ ಸ್ವಿಚ್ಚಿಗೆ ಟೇಪು ಸುತ್ತಿ ‘ಮುಟ್ಟಬೇಡಿ’ ಎಂದು ಬರೆದಿದ್ದೆವು. ಗುಡುಗಿದಾಗೆಲ್ಲ ಅವರು ಅದರ ಮುಂದೆ ನಿಂತು ಚಡಪಡಿಸುತ್ತಿದ್ದರು. ಸಿಡಿಲು ಹೊಡೆದು ಕಂಪ್ಯೂಟರೇ ಸುಟ್ಟರೆ ಏನು ಮಾಡುತ್ತೀರಿ ಎಂಬ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಇಮ್ತಿಯಾಜ್ ಉತ್ತರ ತಂದ. ಈ ವ್ಯವಸ್ಥೆ ಓಡುವುದು ವರ್ಚುವಲ್ ಮೆಷಿನ್‌ನಲ್ಲಿ. ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಎಂದುಕೊಳ್ಳಿ. ಅದಕ್ಕೆ ಮೈಯಿಲ್ಲ, ಇಡೀ ಮೆಷಿನ್ನೇ ಒಂದು ದೊಡ್ಡ ಫೈಲು. ಹಾಗಾಗಿ ಇದ್ದ ಹಾಗೇ ನಕಲು ಮಾಡಿ ಕ್ಲೌಡಿಗೆ, ಅಂದರೆ ಇನ್ನೆಲ್ಲೋ ಇರುವ, ಎಂದೂ ಆಫ್ ಆಗದ ಬಾಡಿಗೆ ಸರ್ವರಿಗೆ ಸಾಗಿಸಬಹುದು. ನಮ್ಮ ಮನೆಯ ಇಂಟರ್ನೆಟ್ಟಿಗೆ ಅಷ್ಟು ದೊಡ್ಡ ಫೈಲು ಕಳಿಸುವ ತ್ರಾಣವಿರಲಿಲ್ಲ. ಹಾರ್ಡ್ ಡಿಸ್ಕಿಗೆ ತುಂಬಿಸಿ, ಬೈಕಿನಲ್ಲಿ ಪೇಟೆಗೊಯ್ದು, ಅಂಗಡಿಯಿಂದ ಸಾಗಿಸಿದ. ಹೊಸದು ಹೊಂದಿಕೊಳ್ಳುವವರೆಗೆ ಹಳೆಯದೂ ಓಡುತ್ತಿರಲಿ ಎಂದು ಎರಡನ್ನೂ ಬಿಟ್ಟ. ನಾನೇ ಗುಂಡಿ ಒತ್ತಿ ಪರೀಕ್ಷಿಸಿದೆ. ಫೋನುಗಳು ಕೂಗಿದವು. ಚಪ್ಪಾಳೆ ತಟ್ಟಿದೆವು.

ಅವನು ಆ ಟೇಪನ್ನು ತಾನೇ ಸುಲಿದ. “ಅಮ್ಮ, ಇನ್ನು ಇದ್ರ ಹಂಗಿಲ್ಲ. ಗುಡುಗು ಬಂದ್ರೆ ಧೈರ್ಯವಾಗಿ ಕಿತ್ ಹಾಕಿ.”

“ಅಂತೂ ನನ್ನ ಮನೆ ಪ್ಲಗ್ಗು ನಂಗೆ ವಾಪಸ್ ಬಂತು ಮಾರಾಯ” ಎಂದರು ಅತ್ತೆ.

ಆ ವಾರವೇ ಗುಡುಗಿತು.

ಕೆರೆ ದಾರಿ ಹತ್ತಿರದ್ದು, ರಸ್ತೆಯ ದಾರಿ ಸುತ್ತು. ಮೋಡ ಕಪ್ಪಾಗುತ್ತಿತ್ತು. ನಮ್ಮಲ್ಲಿ ಎಲ್ಲರಿಗಿಂತ ಚುರುಕಾಗಿ ಮೆಣಸು ಬಿಡಿಸುವ ಗಿರಿಜಾ ತನ್ನ ಫೋನು ನೋಡಿ, ನನ್ನದನ್ನೂ ನೋಡಲು ಹೇಳಿದಳು.

“ಮೆಸೇಜ್ ಬಂದಿಲ್ಲ ಅಲ್ವಾ ಅಕ್ಕ? ಹಂಗಾದ್ರೆ ಕೆರೆ ದಾರೀಲೇ ಹೋಗನ. ಮಳೇಲಿ ನೀವು ಜಾರಿ ಬಿದ್ರೆ ಹೊತ್ಕಂಡ್ ಹೋಗೋಕೆ ನನ್ ಕೈಲಾಗಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟು ಹೊತ್ತಿಗೆ ಪಕ್ಕದ ತೋಟದ ವಾಚರ್ ಕೆರೆ ಬದಿಯಲ್ಲಿ ಮರಿಯಾನೆಯ ಜೊತೆಗಿದ್ದ ಹೆಣ್ಣಾನೆಯನ್ನು ಕಂಡು ಗುಂಡಿ ಒತ್ತಿಯಾಗಿತ್ತು.

ತಿರುವಿನಲ್ಲಿ ಮುಂದಿದ್ದ ಗಿರಿಜಾ ನಿಂತಳು. ಅವಳ ಬೆನ್ನಾಚೆ ನನಗೆ ಕಂಡದ್ದು ಆನೆಯಲ್ಲ, ಅಲುಗಾಡುವ ಒಂದು ಕಿವಿ. ಬೇಲಿ ಬದಿಯ ಹಳೆಯ ಅಗಳಿಗೆ, ಆ ಆಳದ ಕಂದಕಕ್ಕೆ ಜಾರಿದೆವು. ಜಾರುವಾಗ ಗಿರಿಜಾಳ ಕೈ ಮೈಯಡಿಗೆ ಮಡಚಿ ಸಿಕ್ಕಿಕೊಂಡಿತು. ಅವಳು ಸದ್ದು ಮಾಡಲಿಲ್ಲ. ಆನೆಯೂ ನಮ್ಮನ್ನು ಗಮನಿಸಿರಲಿಲ್ಲ. ಮರಿ ನೀರು ಕುಡಿದು ಮುಗಿಸಿದ್ದರೆ ಎರಡೂ ಹಾಗೇ ಹೊರಟುಹೋಗುತ್ತಿದ್ದವೇನೋ.

ಅಷ್ಟರಲ್ಲಿ ಮನೆಯಲ್ಲಿ ಗುಡುಗು ದೂರವಾಯಿತೆಂದು ಅತ್ತೆ ಪ್ಲಗ್‌ಗಳನ್ನು ಮತ್ತೆ ಸಿಕ್ಕಿಸಿದರು. ಹಳೆಯ ಮೆಷಿನ್ ಎದ್ದಿತು. ಮಲಗಿದ್ದಾಗ ಬಂದ ಸುದ್ದಿಯನ್ನು ಎದ್ದ ಕೂಡಲೇ ಕಳಿಸುವುದು ಅದರ ನಿಯತ್ತು.

ಅಗಳಿನೊಳಗೆ ಎಲ್ಲರ ಫೋನುಗಳೂ ಒಟ್ಟಿಗೆ ಕೂಗಿದವು.

‘ಕೆರೆ ಬದಿಯಲ್ಲಿ ಆನೆ ಇದೆ. ಆ ಕಡೆ ಹೋಗಬೇಡಿ.’

ಆನೆ ತಿರುಗಿತು. ನಾನು ಫೋನನ್ನು ಹೊಟ್ಟೆಯಡಿಗೆ ಒತ್ತಿಕೊಂಡೆ. ಗಿರಿಜಾ ತನ್ನದನ್ನು ಕೆಸರಿನೊಳಕ್ಕೆ ತುರುಕಿದಳು. ಆನೆ ಅಗಳಿನ ಅಂಚಿಗೆ ಬಂತು. ಮಣ್ಣು ಉದುರಿ ನಮ್ಮ ತಲೆಯ ಮೇಲೆ ಬಿತ್ತು. ದಾರಿಯಲ್ಲಿ ಬಿದ್ದಿದ್ದ ಊಟದ ಬ್ಯಾಗನ್ನು ಎತ್ತಿ, ಒದರಿ, ತುಳಿಯಿತು. ಉಸಿರಿನ ಸದ್ದು ಇಷ್ಟು ಹತ್ತಿರದಲ್ಲಿ ಕೇಳಬಾರದು. ಮರಿ ಆಚೆಯಿಂದ ಏನೋ ಕೂಗಿತು. ಆನೆ ಹೋಯಿತು.

ಇದನ್ನು ಬರೆಯುವುದು ಸುಲಭ, ನಾಲ್ಕು ಸಾಲು. ನನ್ನ ತಲೆಯಲ್ಲಿ ಮಾತ್ರ ಆ ಮಣ್ಣು ಇನ್ನೂ ಉದುರುತ್ತಿತ್ತು.

ಮರುದಿನ ಇಮ್ತಿಯಾಜ್ ಬಂದ. ಅವನ ಮುಖ ನೋಡುವಂತಿರಲಿಲ್ಲ. “ಟೆಸ್ಟ್ ಮಾಡಿದ್ವಲ್ಲ ಅಕ್ಕ” ಎಂದಷ್ಟೇ ಹೇಳಿ ಕಂಪ್ಯೂಟರಿನ ಮುಂದೆ ಕೂತ. ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ಸುದ್ದಿ ಎರಡೂ ಮೆಷಿನ್‌ಗಳಿಗೆ ಹೋಗುತ್ತಿತ್ತು. ಮೈಯಿಲ್ಲದ್ದೇನೋ ಕ್ಲೌಡಿಗೆ ಹೋಯಿತು, ಮೈಯಿದ್ದ ಡಾಂಗಲ್ ನಮ್ಮ ಮೇಜಿನ ಮೇಲೇ ಉಳಿಯಿತು. ಹೊಸ ಮೆಷಿನ್ ಎಸ್ಸೆಮ್ಮೆಸ್ಸುಗಳನ್ನು ಇಲ್ಲದ ಸಿಮ್ಮಿಗೆ ಒಪ್ಪಿಸಿ, ಪರದೆಯ ಮೇಲೆ ಹಸಿರು ದೀಪ ತೋರಿಸುತ್ತಿತ್ತು. ಪರೀಕ್ಷೆಯ ದಿನ ನಾವು ಚಪ್ಪಾಳೆ ತಟ್ಟಿದ್ದು ಹಳೆಯದರ ಕೆಲಸಕ್ಕೆ.

ಅತ್ತೆಯನ್ನು ಯಾರೂ ಏನೂ ಅನ್ನಲಿಲ್ಲ. ಆದರೂ ಆಮೇಲಿನ ಗುಡುಗುಗಳಿಗೆ ಅವರು ಏಳಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟು ಕೂತೇ ಇದ್ದರು. ನಾನೇ ಎದ್ದು ಟಿವಿ ಪ್ಲಗ್ ಕಿತ್ತೆ.

ನನ್ನನ್ನು ಕಾಡುವುದು ಡಾಂಗಲ್ ಅಲ್ಲ. ಫೋನು ಸುಮ್ಮನಿದ್ದರೆ ಆನೆ ಇಲ್ಲ ಎಂದು ನಮಗೆ ಹೇಳಿದವರು ಯಾರು? ಯಾರೂ ಹೇಳಿರಲಿಲ್ಲ. ಅದು ನಾವೇ ಕಲಿತದ್ದು. ಮೊದಲೆಲ್ಲ ಆ ದಾರಿಯಲ್ಲಿ ಲದ್ದಿ ಬಿಸಿಯೋ ತಣ್ಣಗೋ ಎಂದು ನೋಡುತ್ತಿದ್ದೆವು, ಬಿದಿರು ಮುರಿಯುವ ಸದ್ದಿಗೆ ಕಿವಿ ಕೊಡುತ್ತಿದ್ದೆವು. ಗಿರಿಜಾಳೂ, ನಾನೂ. ಈಗ ಪರದೆ ನೋಡಿದೆವು, ನಕ್ಕೆವು, ನಡೆದೆವು.

ಉಳಿದದ್ದರಲ್ಲೂ ಹೀಗೇ ಅಲ್ಲವೇ? ಹಾಸ್ಟೆಲಿನಿಂದ ಮಗಳು ಫೋನ್ ಮಾಡಿಲ್ಲವೆಂದರೆ ಚೆನ್ನಾಗಿದ್ದಾಳೆ. ಲ್ಯಾಬಿನವರು ಕರೆದಿಲ್ಲವೆಂದರೆ ರಿಪೋರ್ಟು ನಾರ್ಮಲ್. ಗಂಡ ಮಾತಾಡಲಿಲ್ಲವೆಂದರೆ ಸಾರು ರುಚಿಯಾಗಿದೆ. (ಇದೊಂದು ಮಾತ್ರ ನಿಜವಿರಬಹುದು.) ಸುದ್ದಿ ಇಲ್ಲದ್ದನ್ನೆಲ್ಲ ಒಳ್ಳೆಯ ಸುದ್ದಿಯ ಲೆಕ್ಕಕ್ಕೆ ಹಾಕಿಕೊಂಡು ಎಷ್ಟು ತಿರುವು ದಾಟಿದ್ದೇವೋ.

ಇಮ್ತಿಯಾಜ್ ಎಲ್ಲ ಬದಲಾಯಿಸಿದ. ಸಿಮ್ಮಿನ ಗೊಡವೆಯೇ ಬೇಡವೆಂದು ಕ್ಲೌಡಿನಿಂದಲೇ ಎಸ್ಸೆಮ್ಮೆಸ್ ಹೋಗುವ ಹಾಗೆ ಮಾಡಿದ. ಈ ಸಲ ಪರೀಕ್ಷೆಗೆ ಮುಂಚೆ ಹಳೆಯ ಕಂಪ್ಯೂಟರ್ ಆಫ್ ಮಾಡಿ, ಡಾಂಗಲ್ ಕಿತ್ತು ಜೇಬಿಗೆ ಹಾಕಿಕೊಂಡ. ಈಗ ದಿನಾ ಕೆಲಸ ಬಿಡುವ ಮುಂಚೆ ಆನೆ ಇದ್ದರೂ ಇಲ್ಲದಿದ್ದರೂ ಒಂದು ಮೆಸೇಜು ಬರುತ್ತದೆ. ಅದು ಬಾರದಿದ್ದರೆ ಯಾರೂ ಕೆರೆ ದಾರಿ ಹಿಡಿಯುವುದಿಲ್ಲ.

ನಿದ್ದೆ ಮಾತ್ರ ಇದಕ್ಕೆಲ್ಲ ಬಗ್ಗಲಿಲ್ಲ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಗಿರಿಜಾ ಕೆಲಸದವರ ಲೈನ್ ಮನೆಯಲ್ಲಿ, ನಾನು ಇಲ್ಲಿ, ಒಂದು ಗಳಿಗೆ ಕಣ್ಣು ಮುಚ್ಚಿ ಮತ್ತೆ ಏಳುತ್ತಿದ್ದೆವು. ಫೋನು ಸುಮ್ಮನಿದೆ. ಯಾಕೆ ಸುಮ್ಮನಿದೆ?

ಕಳೆದ ಗುರುವಾರ ಅದು ಮೂರು ಸಲ ಕೂಗಿತು. ಬೆಳಿಗ್ಗೆ ಆನೆ ರಸ್ತೆ ದಾಟುವಾಗ, ಮಧ್ಯಾಹ್ನ ಬಿದಿರು ಮೆಳೆಯಲ್ಲಿ, ಸಂಜೆ ಕೆರೆಯ ಹತ್ತಿರ. ಮೂರು ಸಲವೂ ಹೊತ್ತಿಗೆ ಸರಿಯಾಗಿ. ಎಲ್ಲರೂ ಸುತ್ತುದಾರಿಯಲ್ಲಿ ಮನೆ ಸೇರಿದರು. ಶುಕ್ರವಾರ ಬೆಳಿಗ್ಗೆ ಗಿರಿಜಾ ಫೋನ್ ಮಾಡಿದಳು.

“ಅಕ್ಕ, ನಿನ್ನೆ ರಾತ್ರಿ ಎಚ್ಚರಾನೇ ಆಗ್ಲಿಲ್ಲ ನಂಗೆ. ನಿಮ್ಗೆ?”

ನನಗೂ ಆಗಿರಲಿಲ್ಲ. ಕೊನೆಯ ಮೆಸೇಜಿನ ಪ್ರಕಾರ ಆನೆ ನಮ್ಮಿಬ್ಬರ ಮನೆಗಳ ನಡುವೆ, ಕೆರೆಯ ಹತ್ತಿರವೇ ನಿಂತಿತ್ತು. ಎಲ್ಲಿ ನಿಂತಿದೆ ಎಂದು ಗೊತ್ತಿದ್ದರೆ ನಿದ್ದೆಗೆ ಅಷ್ಟು ಸಾಲದೇ?