ಮುಕ್ಕಾಲು ಘೋಡಿ

ಆ ಘೋಡಿಯ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅದನ್ನು ಮಾಡಿದವನ ಮೇಲಿನದಂತೂ ಇಳಿಯುವುದೇ ಇಲ್ಲ.

ಘೋಡಿ ಎಂದರೆ ಕುದುರೆಯಲ್ಲ. ಭಾರದ ಬಾಜಾ ಹೊರಲು ಮಾಡಿದ ಕಟ್ಟಿಗೆಯ ನಿಲುವಿಗೆ ನಮ್ಮ ಬ್ಯಾಂಡಿನವರು ಹಾಗೆನ್ನುತ್ತಿದ್ದೆವು. ನಾನು ಊದುತ್ತಿದ್ದುದು ಎಲ್ಲಕ್ಕಿಂತ ದೊಡ್ಡ ಪಿತ್ತಳೆಯ ಬಾಜಾ. ಅದರ ಬಾಯಿ ಮೊರದಷ್ಟು ಅಗಲ. ಆಳಂದ, ಅಫಜಲಪುರ, ಜೇವರ್ಗಿ ಎಂದು ಲಗ್ನ ಇದ್ದಲ್ಲಿಗೆಲ್ಲ ಅದನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದೆ. ನಲವತ್ತೇಳನೇ ಇಸವಿಯಲ್ಲಿ ಬಂಡಿಯಿಂದ ಬಿದ್ದು ಎಡ ಹೆಗಲು ಕೆಟ್ಟಿತು. ಆಮೇಲೆ ಅದು ಒಂದು ತುಂಬಿದ ಕೊಡವನ್ನೂ ತಡೆಯುತ್ತಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಊರೂರಿಗೂ ಗಲಾಟೆಯ ಭಯ. ಮೆರವಣಿಗೆ ಬೇಡ, ಹಂದರದೊಳಗೇ ನಿಂತು ಊದಿ ಎಂದು ಲಗ್ನದ ಮನೆಯವರು ಹೇಳತೊಡಗಿದರು. ಅದು ನನಗೆ ಅನುಕೂಲವೇ ಆಯಿತು. ನಡೆಯುವುದಿಲ್ಲ ಎಂದಮೇಲೆ ಬಾಜಾವನ್ನು ಘೋಡಿಯ ಮೇಲಿಟ್ಟು ಊದಬಹುದಲ್ಲ! ಆದರೆ ನಮ್ಮ ಬ್ಯಾಂಡ್ ಮಾಸ್ತರ ಕಡ್ಡಿ ಮುರಿದಂತೆ ಹೇಳಿದ.

“ಹಿರೋಳ್ಳಿ ಲಗ್ನ ಒಂದು ನೋಡ್ತೇನಿ. ಅಲ್ಲಿ ಊದಾಕ ಆಗ್ಲಿಲ್ಲಂದ್ರ ನಿಮ್ಮ ಜಾಗಾಕ್ಕ ಬ್ಯಾರೆಯವರನ್ನ ತರ್ತೇನಿ.”

ಘೋಡಿ ಮಾಡಲು ನನ್ನ ಹೆಂಡತಿಯ ಅಣ್ಣನಿಗಿಂತ ಒಳ್ಳೆಯ ಬಡಿಗ ಸುತ್ತಮುತ್ತ ಇರಲಿಲ್ಲ. ಅದೇ ನನ್ನ ದುರ್ದೈವ. ಕಿಣ್ಣಿ ಸುಲ್ತಾನ ಊರಿನ ಆ ಮನುಷ್ಯನಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಬಡಿಗರ ಮನೆಯಲ್ಲಿ ಹುಟ್ಟಿ ಉಳಿ ಬಿಟ್ಟು ಊದಲು ಹೋದವನು ಎಂದು ತಾತ್ಸಾರ. ನನಗೂ ಅವನ ಮುಖ ನೋಡುವ ಆಸೆ ಇರಲಿಲ್ಲ. ಹೋಗಿ ಎದುರು ಕೂತು ಹೇಳುವುದನ್ನು ಬಿಟ್ಟು ಚೀಟಿ ಬರೆದು ಕಳಿಸಿದೆ: “ಜಾಲಿ ಕಟ್ಟಿಗೆಯ ಮುಕ್ಕಾಲು ಘೋಡಿ ಬೇಕು. ಗಟ್ಟಿ ಇರಲಿ.”

ಮುಕ್ಕಾಲು ಎಂದರೆ ಮೂರು ಕಾಲಿನದು. ಮೂರು ಕಾಲಿನದು ಎಂಥ ತಗ್ಗುದಿಬ್ಬದಲ್ಲೂ ಅಲುಗದೆ ಕೂಡುತ್ತದೆ. ನಾಲ್ಕು ಕಾಲಿನದಕ್ಕೆ ನೆಲ ಸಪಾಟು ಇರಬೇಕು, ಇಲ್ಲದಿದ್ದರೆ ಒಂದು ಕಾಲು ಗಾಳಿಯಲ್ಲಿ ತೂಗುತ್ತದೆ. ಇದು ಬಡಿಗರ ಮನೆಯ ಕೂಸಿಗೂ ಗೊತ್ತು.

ಲಗ್ನದ ದಿನ ಮುಂಜಾನೆ ಅವನೇ ಹಿರೋಳ್ಳಿಗೆ ಹೊತ್ತು ತಂದ. ನೋಡುತ್ತೇನೆ, ನಾಲ್ಕು ಕಾಲು! ನನಗೆ ಮೈಯೆಲ್ಲ ಉರಿದುಹೋಯಿತು.

“ಏನ್ರಿ ಭಾವ, ಮೂರ ಕಾಲಿಂದು ಹೇಳಿದ್ರ ನಾಲ್ಕ ಯಾಕ ಮಾಡೀರಿ?”

“ಏನ್ರಿ ಬಾಜಾದವ್ರ, ಮುಕ್ಕಾಲು ಅಂತ ಬರದಿದ್ರಿ. ಮುಕ್ಕಾಲ ಗಜ ಎತ್ತರ ಮಾಡೇನಿ. ಅಳತಿ ಹಾಕಿ ನೋಡ್ರಿ.”

ಚೀಟಿಯಲ್ಲಿ ಎತ್ತರ ಬರೆಯುವುದನ್ನೇ ನಾನು ಮರೆತಿದ್ದೆ ಎಂಬುದು ಆಗ ಹೊಳೆಯಿತು. ಮಾಸ್ತರ ಪಕ್ಕದಲ್ಲೇ ನಿಂತು ಕೇಳುತ್ತಿದ್ದ. “ನಾ ಮುಕ್ಕಾಲು ಅಂತ ಬರದೇ ಇಲ್ಲ, ಮೂರ ಕಾಲು ಅಂತ ಬರದೇನಿ!” ಎಂದು ಒದರಿದೆ. ಹಸಿ ಸುಳ್ಳು.

ಅವನು ವಾದಕ್ಕೆ ಬರಲಿಲ್ಲ. ಹಂದರದ ತಗ್ಗುದಿಬ್ಬದ ನೆಲ ನೋಡಿ, “ಅರ್ಧ ತಾಸು ಕೊಡ್ರಿ. ನೆಲಕ್ಕ ಹೊಂದಂಗ ಕಾಲು ಕೊರದು ಕೊಡ್ತೇನಿ,” ಎಂದ.

“ಕೈ ಹಚ್ಚಬ್ಯಾಡ್ರಿ. ನೀವು ಮಾಡಿದ್ದು ಸಾಕು.”

ತೂಗುತ್ತಿದ್ದ ಕಾಲಿನ ಅಡಿಗೆ ನಾನೇ ಒಂದು ಹಂಚಿನ ಚೂರು ಇಟ್ಟೆ. ಅವನು ಹಂದರದ ಕಂಬಕ್ಕೆ ಒರಗಿ ನೋಡುತ್ತ ನಿಂತ.

ಅಕ್ಷತೆ ಬೀಳುವ ಹೊತ್ತಿಗೆ ಮಾಸ್ತರ ಕೈ ಎತ್ತಿದ. ಹಠಕ್ಕೆ ಬಿದ್ದು ಊದಿದೆ. ಕಾಲಿನಿಂದ ತಾಳ ಹಾಕುವುದು ನನ್ನ ಹಳೆಯ ಚಟ. ಹಂಚಿನ ಚೂರಿಗೆ ನನ್ನ ಕಾಲೇ ತಾಗಿರಬೇಕು, ಅದು ಜಾರಿತು. ಘೋಡಿ ವಾಲಿತು, ಬಾಜಾ ಹಂದರದ ಕಲ್ಲಿನ ಮೇಲೆ ಬಿದ್ದು ಬಾಯಿ ಸೀಳಿಕೊಂಡಿತು. ಅಕ್ಷತೆ ಹಿಡಿದ ಕೈಗಳೆಲ್ಲ ಹಾಗೇ ನಿಂತವು.

“ನಾಳಿಂದ ಬರಬ್ಯಾಡ್ರಿ,” ಎಂದ ಮಾಸ್ತರ.

ಬಡಿಗನ ಕಡೆ ಕೈ ಮಾಡಿ, “ಈ ಮನುಷ್ಯಾ ಬೇಕಂತನ ಮುರುಕ ಘೋಡಿ ಮಾಡಿಕೊಟ್ಟಾನ! ನನ್ನ ಅನ್ನಕ್ಕ ಮಣ್ಣು ಹಾಕ್ಯಾನ!” ಎಂದು ಮಂದಿಯೆಲ್ಲ ಕೇಳುವಂತೆ ಕೂಗಿದೆ.

ಅವನು ಬಂದು ಘೋಡಿಯನ್ನು ಬೋರಲು ಹಾಕಿದ. ಒಂದೊಂದೇ ಕಾಲು ಹಿಡಿದು ಜಗ್ಗಿದ. “ಎಲ್ಲಿ ಮುರದದ, ತೋರಸ್ರಿ.” ಒಂದು ಬೆಣೆಯೂ ಸಡಿಲಾಗಿರಲಿಲ್ಲ. ಆಮೇಲೆ ರುಮಾಲಿನ ಮಡಿಕೆಯಿಂದ ನನ್ನ ಚೀಟಿ ತೆಗೆದ. ನನ್ನ ಮುಖಕ್ಕೆ ಹಿಡಿದು ಮೆಲ್ಲಗೆ ಕೇಳಿದ: “ಓದಲೇನ್ರಿ?”

ಓದಿದ್ದರೆ ಅಷ್ಟು ಜನರ ಎದುರು ನಾನು ಸುಳ್ಳುಗಾರನಾಗುತ್ತಿದ್ದೆ. ಓದದಿದ್ದರೆ ಅವನು ಕೆಟ್ಟ ಬಡಿಗನಾಗುತ್ತಿದ್ದ.

“ನನ್ನ ತಂಗಿ ನಿಮ್ಮ ಮನ್ಯಾಗ ಬಾಳೇ ಮಾಡಾಕತ್ತಾಳ,” ಎಂದು ಚೀಟಿ ಮಡಿಚಿಟ್ಟುಕೊಂಡು ಹೋಗಿಬಿಟ್ಟ.

ಎರಡು ವರ್ಷ ಅವನಿಗೆ ಹಿರೋಳ್ಳಿಯ ಕಡೆಯಿಂದ ಕೆಲಸ ಬರಲಿಲ್ಲವಂತೆ. ನಾನು ಮತ್ತೆ ಎಂದೂ ಬಾಜಾ ಮುಟ್ಟಲಿಲ್ಲ, ಉಳಿ ಹಿಡಿದೆ. ಅವನು ತೀರಿಕೊಂಡಾಗ ಹೆಂಡತಿಯೊಬ್ಬಳನ್ನೇ ಕಳಿಸಿದೆ. ಅವನು ಅಂದು ಓದಿಬಿಟ್ಟಿದ್ದರೆ ಲೆಕ್ಕ ಅಂದೇ ಮುಗಿಯುತ್ತಿತ್ತು, ನಾನು ಅವನನ್ನು ಇಷ್ಟು ವರ್ಷ ದ್ವೇಷಿಸಬೇಕಾಗುತ್ತಿರಲಿಲ್ಲ.

ಅವನು ಅಂದು ಬಿಟ್ಟುಹೋದ ಘೋಡಿ ಈಗ ನಮ್ಮ ಬಚ್ಚಲ ಮನೆಯಲ್ಲಿದೆ. ಅಲ್ಲಿ ನೆಲ ಸಪಾಟು. ನಿತ್ಯ ನೀರು ಬಿದ್ದರೂ ಜಾಲಿ ಕಟ್ಟಿಗೆ ಕೊಳೆತಿಲ್ಲ, ಬೆಣೆ ಜಗ್ಗಿಲ್ಲ. ತುಂಬಿದ ಹಂಡೆ ಹೊತ್ತು ಅಲುಗದೆ ನಿಂತಿದೆ. ಗಟ್ಟಿ ಇರಲಿ ಎಂದು ನಾನೇ ಬರೆದಿದ್ದೆ.