ಹತ್ತೊಂಬತ್ತನೆಯ ನಿಯಮ

ಉಳವಪ್ಪ ಮಾಸ್ತರರಿಗೆ ದಿನಕ್ಕೆ ನಾಲ್ಕು ಜನರನ್ನಾದರೂ ಹಿಡಿದು ಪ್ರಶ್ನೆ ಕೇಳದಿದ್ದರೆ ಉಂಡ ಅನ್ನ ಕರಗುತ್ತಿರಲಿಲ್ಲ. ಗುಂಜಿ ಸ್ಟೇಶನ್ನಿನಲ್ಲಿ ಗಾಡಿ ತಡವಾದರೆ ಸ್ಟೇಶನ್ ಮಾಸ್ತರರನ್ನೇ ನಿಲ್ಲಿಸಿ, "ಹಳಿ ನಡುವ ಸಂದು ಯಾಕ ಬಿಟ್ಟಿರ್ತಾರ, ಹೇಳ್ರಿ ನೋಡೂಣು?" ಎನ್ನುವರು. ಚಹಾದಂಗಡಿಯ ಹಣಮಪ್ಪನಿಗೆ ಭಾರತದ ಮೊದಲ ಉಪಗ್ರಹದ ಹೆಸರು ಬಾಯಿಪಾಠವಾಗಿತ್ತು. ಹೇಳದಿದ್ದರೆ ಮಾಸ್ತರರು ಕಪ್ಪಿಗೆ ಕೈ ಹಚ್ಚುತ್ತಿರಲಿಲ್ಲ.

ನಾನು ಅವರಿದ್ದ ಹೈಸ್ಕೂಲಿನ ಗುಮಾಸ್ತ, ನಾಗಲಿಂಗ. ಶಾಲೆ ಗುಂಜಿಯಿಂದ ಎರಡು ಮೈಲಿ ಆಚೆ, ಕಾಡಿನ ಅಂಚಿಗಿತ್ತು. ಆರು ಕೋಣೆ, ಒಂದು ಬಾವಿ, ಒಂದು ಕನ್ನಡ ಟೈಪ್‌ರೈಟರ್. ಆ ಟೈಪ್‌ರೈಟರಿನ ಆಯುಷ್ಯವನ್ನು ಅರ್ಧ ತಿಂದವರು ಈ ಮಾಸ್ತರರು. ಅವರ ಇಪ್ಪತ್ತೇಳು ನಿಯಮಗಳನ್ನು ಸ್ಟೆನ್ಸಿಲ್ಲಿನ ಮೇಲೆ ಕುಟ್ಟಿದ ಬೆರಳುಗಳು ಇವೇ. ಅದನ್ನು ನೆನೆದರೆ ಇಂದಿಗೂ ಈ ಕೈ ಮೇಲೆ ನನಗೆ ಸಿಟ್ಟು ಬರುತ್ತದೆ.

ನಿಯಮಗಳ ಕಥೆ ಹೀಗೆ. ಬೆಳಗಾವಿಯಲ್ಲಿ ರವಿವಾರ ಪೇಟೆಯ ಕೆಲವು ವ್ಯಾಪಾರಸ್ಥರು ಕೂಡಿ ಒಂದು ಟ್ರಸ್ಟ್ ಮಾಡಿದ್ದರು. ಅದು ಪ್ರತಿ ಜನವರಿಯಲ್ಲಿ ಹತ್ತನೆಯ ಇಯತ್ತೆಯ ಮಕ್ಕಳಿಗೆ ರಸಪ್ರಶ್ನೆ ಸ್ಪರ್ಧೆ ನಡೆಸುತ್ತಿತ್ತು. ತಂಡಕ್ಕೆ ಮೂವರು. ಗೆದ್ದ ಮೂವರಿಗೂ ಬೆಳಗಾವಿಯಲ್ಲಿ ಎರಡು ವರ್ಷದ ಕಾಲೇಜು, ವಸತಿ, ಊಟ ಎಲ್ಲ ಟ್ರಸ್ಟಿನದೇ. ತೊಂಬತ್ತೇಳರಲ್ಲಿ ನಮ್ಮ ಮಕ್ಕಳು ಕೊನೆಯ ಸುತ್ತಿನವರೆಗೆ ಹೋಗಿ ಸೋತುಬಂದರು. ಸೋತರೆಂಬುದು ಮರ್ಯಾದೆಯ ಮಾತು. ಗೆದ್ದ ತಂಡದ ಶಿಕ್ಷಕರು ಮುಂದಿನ ಸಾಲಿನಲ್ಲಿ ಕುಳಿತು ಮೂಗು ತಿಕ್ಕಿದರೆ ಒಂದು ಉತ್ತರ, ಕಿವಿ ತುರಿಸಿದರೆ ಇನ್ನೊಂದು. ಸಾಲದ್ದಕ್ಕೆ ನೀರಿನ ಲೋಟದ ಅಡಿಯಲ್ಲಿ ಚೀಟಿ ಬೇರೆ. ನಮ್ಮ ಮಾಸ್ತರರು ವೇದಿಕೆಯ ಮೇಲೆಯೇ ಕೂಗಾಡಿದರು. ಟ್ರಸ್ಟಿನವರು, "ಹಂಗಾದ್ರ ನೀವ ಒಂದು ನಿಯಮಾವಳಿ ಬರದುಕೊಡ್ರಿ" ಎಂದು ತಣ್ಣಗೆ ಹೇಳಿ ಕಳಿಸಿದರು. ಬಾಯಿ ಮುಚ್ಚಿಸಲು ಹೇಳಿದ ಮಾತು. ಇವರು ಒಂದೇ ವಾರದಲ್ಲಿ ಬರೆದುಕೊಟ್ಟರು.

ಶಿಕ್ಷಕರು ಎಲ್ಲಿ ಕೂಡಬೇಕು, ಲೋಟ ಎಲ್ಲಿಡಬೇಕು, ಗಂಟೆ ಯಾರು ಬಾರಿಸಬೇಕು, ಯಾವುದನ್ನೂ ಬಿಟ್ಟಿರಲಿಲ್ಲ. ಹತ್ತೊಂಬತ್ತನೆಯದು ಅವರ ಪ್ರೀತಿಯ ನಿಯಮ: 'ಅಂಕಗಳು ಸಮನಾದಲ್ಲಿ ಇಬ್ಬರೂ ನಾಯಕರಿಗೆ ತಲಾ ಒಂದು ಪ್ರಶ್ನೆ. ನಾಯಕರೇ ಮೂವತ್ತು ಸೆಕೆಂಡಿನೊಳಗೆ, ಸಭೆಗೆ ಕೇಳುವಂತೆ ಬಾಯಿಂದಲೇ ಉತ್ತರಿಸತಕ್ಕದ್ದು. ಸಂಗಡಿಗರು ಬಾಯಿ ತೆರೆಯುವಂತಿಲ್ಲ. ಬರೆದು ತೋರಿಸಿದ ಉತ್ತರ ಅಸಿಂಧು.' ಟೈಪು ಮಾಡುತ್ತ ನಾನು ಚೇಷ್ಟೆ ಮಾಡಿದ್ದೆ, "ಸರ, ಉಸಿರಾಡಾಕ ಒಂದ ನಿಯಮ ಹಾಕ್ರಿ." ಅವರು ನಗಲಿಲ್ಲ. "ನಾಗಲಿಂಗ, ಬಡವರ ಮಕ್ಕಳಿಗೆ ಬ್ಯಾರೆ ಯಾರೂ ಇರಂಗಿಲ್ಲ. ನಿಯಮ ಒಂದ ಇರ್ತೈತಿ" ಎಂದರು. ಅದನ್ನು ಅವರು ಪೂರ್ತಿ ನಂಬಿದ್ದರು. ನಾನೂ ನಂಬಿದೆ.

ಎರಡು ಸಾವಿರದ ಇಸವಿಯ ತಂಡದ ನಾಯಕಿ ಮಾಯವ್ವ. ಕುರಿ ಕಾಯುವ ಮುತ್ತಪ್ಪನ ಹಿರಿಯ ಮಗಳು. ಅಂಥ ಹುಡುಗಿಯನ್ನು ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಇನ್ನೊಬ್ಬಳನ್ನು ಕಂಡಿಲ್ಲ. ಕೇಳಿದ್ದನ್ನು ಮರೆಯುತ್ತಿರಲಿಲ್ಲ, ತಿಳಿಯದ್ದನ್ನು ತಿಳಿದೆ ಎನ್ನುತ್ತಿರಲಿಲ್ಲ. ಅವಳ ಜೊತೆಗೆ ಅನಿಕೇತ, ಮೇಘಾ ಎಂಬ ಇಬ್ಬರು. ಅವರೂ ಜಾಣರೇ, ಆದರೆ ಮಾಯವ್ವನ ಎದುರು ಬರಿ ಸಾಕ್ಷಿಗೆ ನಿಂತವರಂತೆ ಕಾಣುತ್ತಿದ್ದರು.

ತೊಡಕು ಮನೆಯಲ್ಲಿತ್ತು. ದೀಪಾವಳಿಯಲ್ಲಿ ಮಾಯವ್ವನ ಉಡಿ ತುಂಬಿ, ಸೋದರಮಾವನಿಗೆ ಕೊಡುವುದೆಂದು ಮಾತು ಗಟ್ಟಿ ಮಾಡಿದ್ದರು. ಸುದ್ದಿ ತಿಳಿದ ದಿನವೇ ಮಾಸ್ತರರು ನನ್ನನ್ನೂ ಎಳೆದುಕೊಂಡು ಅವರ ಹಟ್ಟಿಗೆ ನಡೆದರು.

"ಮುತ್ತಪ್ಪಾ, ಹುಡುಗಿಗಿ ಇನ್ನೂ ಹದಿನಾರು ತುಂಬಿಲ್ಲ. ಕಾಯ್ದೆ ಗೊತ್ತೈತಿಲ್ಲೋ?"

"ನಮ್ಮ ಊರಾಗ ಯಾರಿಗಿ ತುಂಬಿರ್ತಾವ್ರಿ ಸರ?" ಮುತ್ತಪ್ಪ ಜಗಳದ ಮನುಷ್ಯನಲ್ಲ. "ಅಕಿ ಮಾಮಾ ಒಳ್ಳ್ಯಾವ ಅದಾನ. ನಮ್ಮತ್ತಿದೂ ವಯಸ್ಸಾತು, ಮೊಮ್ಮಗಳ ಸೊಸಿಯಾಗಿ ಬರ್ಲಿ ಅಂತಾಳ."

ಮಾಸ್ತರರು ಎರಡು ತಾಸು ಮಾತಾಡಿದರು. ಕೊನೆಗೆ ಮುತ್ತಪ್ಪ ಸೋತು ಒಂದು ಮಾತು ಕೊಟ್ಟ. "ಆತ್ರಿ. ಬೆಳಗಾವ್ಯಾಗ ಗೆದ್ದು ಬಂದ್ಲಂದ್ರ ಎರಡು ವರ್ಷ ಕಾಲೇಜಿಗಿ ಕಳಸ್ತೀನಿ, ನಮ್ಮತ್ತಿಗಿ ನಾನ ಹೇಳ್ತೀನಿ. ಸೋತ್ಲಂದ್ರ ನೀವು ಮತ್ತ ಈ ಮಾತು ತಗೀಬಾರ್ದು."

ಬಾಗಿಲ ಹಿಂದೆ ನಿಂತಿದ್ದ ಮಾಯವ್ವ ಅದನ್ನು ಕೇಳಿದಳು. ಮರುದಿನದಿಂದ ಶಾಲೆಯ ಕೀಲಿ ತೆಗೆಯುವ ಮೊದಲೇ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂಡತೊಡಗಿದಳು. ಎರಡು ತಿಂಗಳಲ್ಲಿ ಮಾಸ್ತರರು ಅವಳಿಗೆ ಏನಿಲ್ಲೆಂದರೂ ಹತ್ತು ಸಾವಿರ ಪ್ರಶ್ನೆ ಕೇಳಿರಬೇಕು. ಆ ಸೋದರಮಾವನ ಹೆಸರೇನೆಂದು ಮಾತ್ರ ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ. ಮನೆಯವರೆಲ್ಲ ಮಾಮಾ ಎಂದರು, ನಾವು ಮಾಮಾ ಎಂದುಕೊಂಡೆವು.

ಸ್ಪರ್ಧೆ ಬೆಳಗಾವಿಯ ಕ್ಯಾಂಪ್ ಭಾಗದ ಒಂದು ಹಳೆಯ ಸಭಾಭವನದಲ್ಲಿತ್ತು. ಮಾಸ್ತರರು ಮುತ್ತಪ್ಪನನ್ನೂ, ಅವನ ಅತ್ತೆ ಗೌರವ್ವನನ್ನೂ ಒತ್ತಾಯ ಮಾಡಿ ಕರೆತಂದಿದ್ದರು. ಹುಡುಗಿ ಎಷ್ಟು ಶಾಣ್ಯಾ ಎಂದು ಕಣ್ಣಾರೆ ಕಂಡರೆ ಮುದುಕಿಯ ಮನಸ್ಸು ಕರಗೀತು ಎಂದು ಅವರ ಲೆಕ್ಕ. ಗೌರವ್ವ ಹಸಿರು ಸೀರೆ ಉಟ್ಟು ಮುಂದಿನ ಸಾಲಿನಲ್ಲಿ, ವೇದಿಕೆಗೆ ಹತ್ತು ಹೆಜ್ಜೆ ದೂರದಲ್ಲಿ ಕುಳಿತಳು.

ನಾಲ್ಕು ಸುತ್ತು ಮುಗಿದಾಗ ಉಳಿದದ್ದು ಎರಡು ತಂಡ, ನಮ್ಮದು ಮತ್ತು ನಗರದ ಒಂದು ಶಾಲೆಯದು. ಕೊನೆಯ ಸುತ್ತೂ ಮುಗಿಯಿತು. ಅಂಕ ಸಮ. ಮಾಸ್ತರರು ನನ್ನ ತೊಡೆ ಹಿಂಡಿ, "ಹತ್ತೊಂಬತ್ತನೇದು" ಎಂದರು. ಅವರ ಮುಖದ ಮೇಲೆ ಆಗಲೇ ಗೆದ್ದ ಕಳೆಯಿತ್ತು. ನಾಯಕರ ಮಟ್ಟಿಗೆ ಮಾಯವ್ವನನ್ನು ಸರಿಗಟ್ಟುವವರು ಆ ಭವನದಲ್ಲಿ ಯಾರಿದ್ದರು?

ಮೇಜಿನ ಮೇಲೆ 'ನಮ್ಮ ಜಿಲ್ಲೆ' ಎಂದು ಬರೆದ ಲಕೋಟೆಗಳಿದ್ದವು. ನಾಯಕರು ತಾವೇ ಒಂದೊಂದು ಎತ್ತಬೇಕು. ನಗರದ ಹುಡುಗನಿಗೆ ಬಂದದ್ದು ಮಲಪ್ರಭಾ ನದಿ ಹುಟ್ಟುವ ಊರು. ನಮ್ಮ ಖಾನಾಪುರ ತಾಲೂಕಿನದೇ ಪ್ರಶ್ನೆ! ಅವನು ಸ್ವಲ್ಪ ತಡವರಿಸಿ "ಕಣಕುಂಬಿ" ಎಂದ. ಚಪ್ಪಾಳೆ ಬಿತ್ತು. ಈಗ ಮಾಯವ್ವ ಸರಿ ಹೇಳಿದರೆ ಇನ್ನೊಂದು ಜೋಡಿ ಪ್ರಶ್ನೆ, ತಪ್ಪಿದರೆ ಆಟ ಮುಗಿಯಿತು.

ಅವಳ ಲಕೋಟೆ ಒಡೆದು ಪ್ರಶ್ನೆ ಕೇಳುವವರು ಓದಿದರು. "ಬ್ರಿಟಿಷರ ವಿರುದ್ಧ ಹೋರಾಡಿ, ನಂದಗಡದಲ್ಲಿ ಗಲ್ಲಿಗೇರಿದ ವೀರನ ಹೆಸರೇನು?"

ಸಭೆಯಲ್ಲಿ ನಗೆ ಎದ್ದಿತು. ಇದೂ ಒಂದು ಪ್ರಶ್ನೆಯೇ? ನಂದಗಡ ನಮಗೆ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಆ ಆಲದ ಮರದ ಕೆಳಗಿನ ಸಮಾಧಿಗೆ ಮಾಯವ್ವನ ಮಂದಿ ವರ್ಷಕ್ಕೊಮ್ಮೆ ಹೋಗಿ ಕಾಯಿ ಒಡೆಸುತ್ತಾರೆ. ನಮ್ಮ ಕಡೆ ಮಾತು ಕಲಿತ ಕೂಸಿಗೂ ಗೊತ್ತಿರುವ ಹೆಸರು, ಸಂಗೊಳ್ಳಿ ರಾಯಣ್ಣ. ಮಾಸ್ತರರು ಕೈ ಮುಗಿದು ಎದ್ದೇಬಿಟ್ಟರು.

ಮಾಯವ್ವ ಸುಮ್ಮನೆ ನಿಂತಿದ್ದಳು.

ಗಡಿಯಾರ ಓಡುತ್ತಿತ್ತು. ಅವಳು ಮುಂದಿನ ಸಾಲನ್ನೊಮ್ಮೆ ನೋಡಿದಳು. "ಸಂಗೊಳ್ಳಿಯವರು" ಎಂದಳು.

"ಊರು ಕೇಳಿಲ್ಲಮ್ಮ. ಹೆಸರು ಹೇಳು."

ಪಕ್ಕದಲ್ಲಿ ಅನಿಕೇತ ತುಟಿ ಕಚ್ಚಿಕೊಂಡು ಒದ್ದಾಡುತ್ತಿದ್ದ. ಬಾಯಿ ತೆರೆದರೆ ತಂಡವೇ ಹೊರಗೆ. ಮಾಯವ್ವ ಥಟ್ಟನೆ ಮೇಜಿನ ಮೇಲಿನ ಪೆನ್ನು ಎತ್ತಿ ಅಂಗೈ ಮೇಲೆ ಏನೋ ಬರೆದು, ಕೈಯನ್ನು ಪ್ರಶ್ನೆ ಕೇಳುವವರತ್ತ ಚಾಚಿದಳು. ಆತ ಒಳ್ಳೆಯ ಮನುಷ್ಯ. ನೋಡಲೋ ಬೇಡವೋ ಎಂದು ಅನುಮಾನಿಸಿ, "ನಿಯಮ ಬರೆದವರು ಇಲ್ಲೇ ಇದ್ದಾರಲ್ಲ, ಅವರೇ ಹೇಳಲಿ. ಉಳವಪ್ಪನವರೇ, ಬರೆದದ್ದು ನಡೆಯುತ್ತದೆಯೇ?" ಎಂದರು.

ಇಡೀ ಭವನ ಮಾಸ್ತರರ ಕಡೆ ತಿರುಗಿತು. ನಡೆಯುತ್ತದೆ ಎಂದಿದ್ದರೆ ಆಗ ಯಾರೂ ಬೇಡ ಎನ್ನುತ್ತಿರಲಿಲ್ಲ, ಇದು ನನಗೆ ಖಾತ್ರಿ. ಆದರೆ ತಮ್ಮ ಶಾಲೆಯ ಹುಡುಗಿ, ತಾವೇ ಬರೆದ ನಿಯಮ. ಲೋಟದ ಕೆಳಗಿನ ಚೀಟಿಯನ್ನು ಬೈದ ಬಾಯಿ ಅದು. ಅವಳು ಗಾಬರಿಯಾಗಿ ಪಕ್ಕದವನ ಸನ್ನೆ ನೋಡಿ ಬರೆದಿರಬೇಕೆಂದೂ ಅವರಿಗೆ ಅನಿಸಿತಂತೆ. ಅವಳ ಕೈಯತ್ತ ಅವರು ನೋಡಲೂ ಇಲ್ಲ.

"ಅಸಿಂಧು" ಎಂದರು.

ಗಂಟೆ ಹೊಡೆಯಿತು. ಹಿಂದಿನ ಸಾಲಿನಿಂದ ಯಾರೋ, "ಖಾನಾಪುರದಾಕಿ ಅಂತ, ಇದೂ ಬರಂಗಿಲ್ಲ!" ಎಂದರು. ಆ ಮನುಷ್ಯನ ಕೊರಳಪಟ್ಟಿ ಹಿಡಿಯದೆ ಬಂದೆನಲ್ಲ ಎಂದು ಈಗಲೂ ಅನಿಸುತ್ತದೆ.

ಸಂಜೆಯ ಗಾಡಿಯಲ್ಲಿ ಎಲ್ಲರೂ ಊರಿಗೆ ಹೊರಟೆವು. ಗಾಡಿ ದೇಸೂರು ದಾಟಿತು. ಮಾಸ್ತರರು ತಡೆಯಲಾರದೆ, "ಮಾಯವ್ವಾ, ಹೆಂಗ ಮರತೆವ್ವಾ ತಂಗಿ?" ಎಂದು ಕೇಳಿದರು. ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಉತ್ತರ ಕೊಟ್ಟವಳು ಗೌರವ್ವ.

"ಮರ್ತಿಲ್ಲೋ ಮಾಸ್ತರ! ನನ್ನ ಮಗನ ಹೆಸರು ಅದ, ರಾಯಣ್ಣ. ಗಂಡ ಆಗಾವನ ಹೆಸರು ಹೆಂಗ ಬಾಯಿ ಬಿಟ್ಟು ಹೇಳ್ಯಾಳು?" ಮುದುಕಿ ಮೊಮ್ಮಗಳ ಕೆನ್ನೆ ಸವರಿ ಹತ್ತೂ ಬೆರಳಿನ ಲಟಿಕೆ ಮುರಿದಳು. "ನನ್ನ ಹಿರೇ ಮಗನ ಹೇಣ್ತಿ ಜನಗಣತಿಯವರು ಕೇಳಿದ್ರಂತ ಹೆಸರು ಹೇಳಿದ್ಲು. ವರ್ಷ ತುಂಬೂದ್ರಾಗ ಮರದ ಮ್ಯಾಲಿಂದ ಬಿದ್ದು ಹ್ವಾದ. ಇಕಿ ನೋಡು, ಅಷ್ಟು ಮಂದ್ಯಾಗ ಮೈಕ್ ಹಿಡಿದು ಕೇಳಿದ್ರೂ ಹೇಳ್ಲಿಲ್ಲ. ನನ್ನ ಮನಿ ದೀಪ ಇದು. ನನಗಿದ್ದ ಭಯ ಇವತ್ತ ಹೋತು."

ಮಾಸ್ತರರು ನಿಧಾನವಾಗಿ ಮಾಯವ್ವನ ಕೈ ಬಿಡಿಸಿ ನೋಡಿದರು. ಬೆವರಿಗೆ ಶಾಯಿ ಕದಡಿದ್ದರೂ ಅಕ್ಷರ ಸ್ಪಷ್ಟವಾಗಿದ್ದವು. ನನಗೂ ಆಗ ಒಂದೊಂದೇ ನೆನಪಾಯಿತು. ಶಾಲೆಯಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಅವಳು ಅನಿಕೇತನನ್ನು ಮೊಣಕೈಯಿಂದ ತಿವಿಯುತ್ತಿದ್ದಳು. ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಮಾತ್ರ ಚಂದಾಗಿ ಬರೆದು ಪೂರ್ತಿ ಅಂಕ ತೆಗೆದಿದ್ದಳು. ಬರೆಯಲು ಅಡ್ಡಿಯಿರಲಿಲ್ಲ. ಬರೆಯುವುದನ್ನು ಅಡ್ಡಗಟ್ಟಿದವರು ನಾವು.

"ನನಗರೆ ಒಂದ ಮಾತು ಹೇಳಬಾರದಾಗಿತ್ತೇನು?" ಎಂದರು ಮಾಸ್ತರರು.

"ನೀವು ಕೇಳ್ಲಿಲ್ರಿ ಸರ" ಎಂದಳು ಮಾಯವ್ವ.

ಆಮೇಲಿನದು ಎಲ್ಲವೂ ಇಳಿಜಾರು. ಮಾಸ್ತರರು ಟ್ರಸ್ಟಿಗೆ ನಾಲ್ಕು ಪುಟದ ಪತ್ರ ಬರೆದರು. ಉತ್ತರ ಒಂದೇ ಸಾಲು: ನಿಯಮ ಇಪ್ಪತ್ತಾರರ ಪ್ರಕಾರ ವೇದಿಕೆಯ ತೀರ್ಪೇ ಅಂತಿಮ. ಅದೂ ಇವರದೇ ನಿಯಮ. ಮುತ್ತಪ್ಪನ ಹಟ್ಟಿಗೆ ಹೋದರು. ಅವನು ಕಂಬಳಿ ಹಾಸಿ ಕೂಡಿಸಿ, ಹಾಲು ಕೊಟ್ಟು, "ಮಾತು ಮಾತಲ್ರಿ ಸರ? ಅವತ್ತ ಅಷ್ಟು ಮಂದಿ ಮುಂದ ನಿಮ್ಮ ಹುಡುಗಿ ಅಂತ ನೀವು ನಿಯಮ ಮುರೀಲಿಲ್ಲ. ನಾ ಹೆಂಗ ಮುರೀಲಿ?" ಎಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅವನಿಗೆ ಮಾಸ್ತರರ ಮೇಲೆ ಗೌರವ ಹೆಚ್ಚಾಗಿತ್ತು, ಅದೇ ಪೆಟ್ಟು. ಮದುವೆ ನಿಲ್ಲಿಸಿರೆಂದು ತಾಲೂಕು ಕಚೇರಿಗೆ ಕೊಟ್ಟ ಅರ್ಜಿ ಏನಾಯಿತೋ ದೇವರೇ ಬಲ್ಲ. ಏಪ್ರಿಲ್ಲಿನಲ್ಲಿ ಮುತ್ತಪ್ಪ ಮಗಳ ಶಾಲೆ ಬಿಟ್ಟ ದಾಖಲೆ ಕೇಳಲು ಬಂದ. ಅದನ್ನು ಬರೆದು ಸಿಕ್ಕೆ ಒತ್ತಿ ಕೊಟ್ಟವನು ನಾನೇ. ಕೊಡುವುದಿಲ್ಲ ಎನ್ನಲು ನನ್ನ ಹತ್ತಿರ ಯಾವ ನಿಯಮವೂ ಇರಲಿಲ್ಲ.

ಮಾಸ್ತರರು ಸ್ಟೇಶನ್ನಿನಲ್ಲಿ, ಚಹಾದಂಗಡಿಯಲ್ಲಿ ಪ್ರಶ್ನೆ ಕೇಳುವುದನ್ನು ಬಿಟ್ಟರು. ಹಣಮಪ್ಪ ತಾನಾಗಿಯೇ "ಆರ್ಯಭಟರಿ ಸರ" ಎಂದರೂ ಅವರು ಕೇಳಿಸದವರಂತೆ ಕಪ್ಪು ಎತ್ತಿಕೊಳ್ಳುತ್ತಿದ್ದರು. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಮಾಯವ್ವನಿಗೆ ನೂರಕ್ಕೆ ಎಂಬತ್ತೊಂದು. ಅಂಕಪಟ್ಟಿ ಒಯ್ಯಲು ಯಾರೂ ಬರಲಿಲ್ಲ. ಅದೇ ವಾರ ಮದುವೆ.

ನಾನು ಬೇಡವೆಂದರೂ ಕೇಳದೆ ಮಾಸ್ತರರು ಮದುವೆಗೆ ಹೊರಟರು. ಅಂಕಪಟ್ಟಿಯನ್ನು ಅವಳ ಕೈಯಲ್ಲೇ ಕೊಡಬೇಕೆಂದು ಅವರ ಹಟ. ಹಂದರದ ಒಂದು ಮೂಲೆಯಲ್ಲಿ ಕುಳಿತೆವು. ವರ ರಾಯಣ್ಣ ಸಾಧು ಹುಡುಗ. ಅವನನ್ನು ದ್ವೇಷಿಸಲು ನನಗೂ ಒಂದು ಕಾರಣ ಸಿಗಲಿಲ್ಲ. ಅಕ್ಕಿಕಾಳು ಬಿದ್ದವು. ಮದುಮಗಳನ್ನು ಮನೆ ತುಂಬಿಸಿಕೊಳ್ಳುವ ಹೊತ್ತಿಗೆ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, "ಹೆಸರ ಹೇಳವ್ವಾ, ಗಂಡನ ಹೆಸರ ಹೇಳಿ ಒಳಗ ಬಾ" ಎಂದು ಗದ್ದಲ ಹಾಕಿದರು. ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳಬಹುದಾದ ಹೊತ್ತು ಅದೊಂದೇ. ಪ್ರಾಸ ಹಚ್ಚಿ ಒಡಪು ಕಟ್ಟಿ ಹೇಳಿದರೆ ದೋಷವಿಲ್ಲ. ಉಳಿದ ಹುಡುಗಿಯರು ತಾಯಿ ಕಲಿಸಿದ್ದನ್ನು ಹೇಳುತ್ತಾರೆ. ಮಾಯವ್ವ ತಲೆ ಎತ್ತಿದಳು. ಹಂದರದ ಮೂಲೆಯಲ್ಲಿ ನಾವಿದ್ದುದನ್ನು ಕಂಡಳು. ಸಭೆಗೆ ಕೇಳುವಂತೆ, ಬಾಯಿಂದಲೇ ಹೇಳಿದಳು:

"ಖಾನಾಪುರ ದಾಟಿದರ ನಂದಗಡದ ಆಲ,
ಕೇಳಿದಾಗ ಹೇಳಲಿಲ್ಲ, ಮೀರಿ ಹೋತು ಕಾಲ,
ರಾಯಣ್ಣನ ಹೆಸರ ಹೇಳತೀನಿ, ಕೇಳ್ರಿ ಎಲ್ಲಾ."

ಹೆಂಗಸರು ಹೋ ಎಂದು ನಕ್ಕು ದಾರಿ ಬಿಟ್ಟರು. ಗೌರವ್ವ ಸೊಸೆಯ ಮೇಲೆ ಲಟಿಕೆ ಮುರಿದಳು. ನನ್ನ ಪಕ್ಕದಲ್ಲಿ ಮಾಸ್ತರರು ಅಂಕಪಟ್ಟಿಯ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು, ತಮಗಷ್ಟೇ ಎಂಬಂತೆ, "ಉತ್ತರ ಸರಿ ಐತಿ" ಎಂದರು. ಮಾಯವ್ವ ಬಲಗಾಲಿಟ್ಟು ಒಳಗೆ ಹೋದಳು. ಲಕೋಟೆ ಇಂದಿಗೂ ನನ್ನ ಕಪಾಟಿನಲ್ಲಿದೆ.