ಹಗೇವಿನ ದೀಪ ಆರಿಸಿದ ಪಂಜ

ನಾನು ನಿಂತಿದ್ದದ್ದು ನಮ್ಮ ಮನೆಯ ಅಂಗಳದಲ್ಲಿ, ಹಗೇವಿನ ಬಾಯಿಯಿಂದ ಒಂದು ಮೊಳ ದೂರದಲ್ಲಿ, ತೆಂಕಣ ಬದಿಗೆ, ನನ್ನ ನೆರಳು ಒಳಗೆ ಬೀಳದ ಹಾಗೆ. ಪಂಚಮಿಗೆ ಇನ್ನೂ ನಾಲ್ಕು ದಿನವಿತ್ತು. ಮನೆಯಲ್ಲಿ ಗಡಿಯಾರ ಇರಲಿಲ್ಲ. ಬೇವಿನ ಮರದ ನೆರಳು ದನದ ಗೋದಲಿಯನ್ನು ಮುಟ್ಟಿದ ಹೊತ್ತು ಎಂದು ಹೇಳಬಲ್ಲೆ. ಊರು ಯಲಬುರ್ಗಾದಿಂದ ಎರಡು ಹರದಾರಿ. ವರ್ಷವನ್ನು ಕೇಳಿದರೆ, ಜರ್ಮನಿಯ ಯುದ್ಧ ಶುರುವಾಗುವುದಕ್ಕೆ ಹಿಂದಿನ ಶ್ರಾವಣ. ನನಗೆ ಇಪ್ಪತ್ತು ತುಂಬಿತ್ತು. ಕಣ್ಣು ಚೆನ್ನಾಗಿದ್ದವು. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಅಂದು ಎಲ್ಲವೂ ನನ್ನ ಕಣ್ಣಿನ ಮೇಲೆ ನಿಂತಿತ್ತು.

ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಅದರ ಹೊಟ್ಟೆ ದೊಡ್ಡದು. ಬಾಯಿ ಒಬ್ಬರು ಭುಜ ಮುದುಡಿಕೊಂಡು ಇಳಿಯುವಷ್ಟು ಮಾತ್ರ. ನಮ್ಮದು ಎರಡಾಳು ಆಳವಿತ್ತು. ಜೋಳ ತುಂಬಿ, ಹಾಸುಗಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ಒಳಗಿನ ಗಾಳಿ ಕೆಡುತ್ತಿತ್ತು. ಅದಕ್ಕಾಗಿ ತೆರೆದ ದಿನ ಯಾರೂ ಇಳಿಯುತ್ತಿರಲಿಲ್ಲ. ಒಂದು ರಾತ್ರಿ ಬಾಯಿ ತೆರೆದಿಟ್ಟು, ಮರುದಿನ ಬೆಳಿಗ್ಗೆ ಹಗ್ಗಕ್ಕೆ ಬುಟ್ಟಿ ಕಟ್ಟಿ, ಅದರಲ್ಲಿ ಹಚ್ಚಿದ ಪಣತಿ ಇಟ್ಟು ಇಳಿಬಿಡುತ್ತಿದ್ದರು. ದೀಪ ಉರಿದರೆ ಇಳಿಯಬಹುದು. ಆರಿದರೆ ಇನ್ನೊಂದು ದಿನ ಕಾಯಬೇಕು. ಈ ಮಾತನ್ನು ನಮ್ಮ ಓಣಿಯಲ್ಲಿ ಯಾರೂ ಮೀರುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಕಾಕಾನ ಗೆಳೆಯನೊಬ್ಬ ಅವಸರ ಮಾಡಿ ಇಳಿದು ಮೇಲೆ ಬಂದಿರಲಿಲ್ಲ. ಅವನನ್ನು ಎಳೆದು ತೆಗೆದವರಲ್ಲಿ ನಮ್ಮ ಕಾಕಾ ಒಬ್ಬ.

ಪಂಚಮಿಯ ಅಳ್ಳು, ಅಂದರೆ ಅರಳು, ಹುರಿಯಲು ಜೋಳ ಬೇಕೆಂದು ಕಾಕಾ ಹಿಂದಿನ ದಿನ ಕಲ್ಲು ಸರಿಸಿದ್ದ. ಒಳಗೆ ಮೊಣಕಾಲುದ್ದ ಜೋಳ ಉಳಿದಿತ್ತು. ಬಾಯಿಯ ಸುತ್ತ ಜಾಲಿಮುಳ್ಳು ಇಟ್ಟಿದ್ದ, ದನ ಬೀಳಬಾರದೆಂದು. ಬೆಳಿಗ್ಗೆ ಎದ್ದು ನೋಡಿದರೆ ಮುಳ್ಳಿನ ಪಕ್ಕದಲ್ಲಿ ಒಂದು ಹಳೆಯ ಬುಟ್ಟಿ ಬೋರಲು ಬಿದ್ದಿತ್ತು. ಬುಟ್ಟಿಯ ಕೆಳಗೆ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರು. ಹಗೇವಿನೊಳಗಿಂದ ಮರಿಬೆಕ್ಕುಗಳ ಕೂಗು.

ಬೆಕ್ಕನ್ನು ಕೊಂದರೆ ಪಾಪವೆಂದು ನಮ್ಮ ಕಡೆ ಯಾರೂ ಕೊಲ್ಲುವುದಿಲ್ಲ. ಬೇಡವಾದ ಮರಿಗಳನ್ನು ಇನ್ನೊಬ್ಬರ ಅಂಗಳಕ್ಕೆ ಬಿಡುತ್ತಾರೆ. ಕಾಳಿದ್ದ ಮನೆಯಲ್ಲಿ ಇಲಿ ಇರುತ್ತದೆ, ಇಲಿ ಇದ್ದಲ್ಲಿ ಬೆಕ್ಕು ಬದುಕುತ್ತದೆ ಎಂದು ಯಾರೋ ಲೆಕ್ಕ ಹಾಕಿರಬೇಕು. ಕಲ್ಲು ತೆಗೆದಿದ್ದು ಅವರಿಗೆ ಗೊತ್ತಿರಲಾರದು. ಬಿಟ್ಟವರನ್ನು ನಾನು ನೋಡಿಲ್ಲ, ಆದ್ದರಿಂದ ಹೆಸರು ಹೇಳುವುದಿಲ್ಲ. ರೊಟ್ಟಿ ಇಟ್ಟು ಹೋಗಿದ್ದರು, ಅಷ್ಟನ್ನು ಹೇಳಬಹುದು.

ಅಂಗಳದಲ್ಲಿ ನಾಲ್ಕು ಜನ ಇದ್ದೆವು: ಕಾಕಾ, ಮನೆಯನ್ನು ನಡೆಸುತ್ತಿದ್ದ ನಮ್ಮ ಸೋದರತ್ತಿ, ನಾನು, ಮತ್ತು ಪಂಚಮಿಗೆಂದು ಹಿಂದಿನ ದಿನವಷ್ಟೇ ಕುಷ್ಟಗಿ ಸೀಮೆಯ ಗಂಡನ ಮನೆಯಿಂದ ಬಂದಿದ್ದ ನಮ್ಮ ಅಕ್ಕ. ಅವಳು ಬಂದ ಸಂಜೆಯೇ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿಕೊಂಡಿದ್ದಳು.

ಕಾಕಾ ಪಣತಿ ಇಳಿಬಿಟ್ಟ. ನಾನು ಹೊಟ್ಟೆಯ ಮೇಲೆ ಮಲಗಿ ಬಾಯಿಯೊಳಗೆ ನೋಡುತ್ತಿದ್ದೆ. ದೀಪ ತಳದವರೆಗೂ ಉರಿಯುತ್ತಲೇ ಹೋಯಿತು. ಜೋಳದ ಮೇಲೆ ಮೂರು ಮರಿ ಕಂಡವು: ಒಂದು ಕೆಂದು, ಒಂದು ಬೂದು, ಒಂದು ಕರಿಯದು, ಬಿಳಿ ಕಾಲಿನದು. ಬುಟ್ಟಿ ಜೋಳದಿಂದ ಗೇಣು ಮೇಲೆ ಜೋಲಾಡುತ್ತಿತ್ತು. ಬಿಳಿಯದೊಂದು ಸರಕ್ಕನೆ ಬಂದು ಬುಟ್ಟಿಗೆ ಬಡಿಯಿತು. ಕತ್ತಲಾಯಿತು.

"ಆರಿತು," ಎಂದ ಕಾಕಾ. "ಮುಗೀತು. ನಾಳೆ ಇದ ಹೊತ್ತಿಗೆ ನೋಡೂಣು."

"ಗಾಳಿಗೆ ಆರಿಲ್ಲರಿ ಕಾಕಾ. ಮರಿ ಪಂಜಾದ್ಲೆ ಹೊಡದೈತಿ. ನಾ ನೋಡೀನಿ."

"ಬೆಕ್ಕು ದೀಪಾ ಆರಸತೈತೇನೋ? ಅದೇನು ನಿಮ್ಮತ್ತಿ ಆಗೈತೇನು?"

"ನನ್ನ ಯಾಕ ಎಳೀತಿ ನಡುವ?" ಎಂದಳು ಅತ್ತಿ. "ಎಣ್ಣಿ ಸುಮ್ಮನ ಉರಿಯೂದು ಬ್ಯಾಡಂತ ಆರಸತೀನಿ. ಮರೀಗೂ ಅಷ್ಟು ಬುದ್ಧಿ ಇರಬಹುದು."

"ಮರಿ ಉಸಿರಾಡಾಕತ್ತಾವಲ್ಲ," ಎಂದೆ.

"ಬೆಕ್ಕಿನ ಜೀವ ಗಟ್ಟಿ. ಅದಕ್ಕ ಸಾಕಾಗೂ ಗಾಳಿ ಮನಷ್ಯಾಗ ಸಾಕಾಗಂಗಿಲ್ಲ." ಕಾಕಾ ನಗಲಿಲ್ಲ. ಅವನು ಯಾರನ್ನು ನೆನೆಯುತ್ತಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು.

ನಾಳೆಯವರೆಗೆ ಕಾಯಬಹುದಾಗಿತ್ತು, ಮೋಡ ಇಲ್ಲದಿದ್ದರೆ. ಪಡುವಣ ದಿಕ್ಕು ಕಪ್ಪಾಗಿತ್ತು. ಮಳೆ ಬಂದರೆ ಜೋಳ ಉಳಿಸಲು ಹಾಸುಗಲ್ಲು ಮುಚ್ಚಲೇಬೇಕು. ಮುಚ್ಚಿದರೆ ಮೂರು ಮರಿಗಳೂ ಒಳಗೇ. ಅತ್ತಿ ಬುಟ್ಟಿಯಲ್ಲಿ ಹಾಲಿನ ಬಟ್ಟಲಿಟ್ಟು ಇಳಿಬಿಟ್ಟು ನೋಡಿದಳು. ಕೆಂದು ಮರಿ ಬುಟ್ಟಿ ಹತ್ತಿತು, ಎಳೆಯುವಷ್ಟರಲ್ಲಿ ಹೆದರಿ ಹಾರಿಬಿಟ್ಟಿತು. ಎರಡನೇ ಸಲ ಹಾಲು ಚೆಲ್ಲಿ ಖಾಲಿ ಬಟ್ಟಲು ಬಂತು.

ಆಗ ಅಕ್ಕ ನನ್ನ ಪಕ್ಕದಲ್ಲಿ ಬಂದು ಮಲಗಿದಳು. "ಕಾಕಾ, ಇನ್ನೊಮ್ಮಿ ದೀಪಾ ಬಿಡು. ನಾನೂ ನೋಡತೀನಿ. ನಿನ್ನ ಅಣ್ಣನ ಮಗ ಸುಳ್ಳ ಹೇಳಿದ್ರ ಇಬ್ರೂ ಕೂಡಿ ಬಡಿಯೂಣು."

ಎರಡನೇ ಸಲವೂ ದೀಪ ತಳ ಮುಟ್ಟಿತು. ಎರಡನೇ ಸಲವೂ ಬಿಳಿ ಪಂಜ ಬಂತು. ಈ ಸಲ ನಾನು ಕಣ್ಣು ಮಿಟುಕಿಸಿರಲಿಲ್ಲ. ಬುಟ್ಟಿ ವಾಲಿತು, ದೀಪ ಆರಿತು.

"ಯವ್ವಾ!" ಎಂದು ಅಕ್ಕ ನಕ್ಕಳು. "ಖರೇನ ಐತಿ. ಹೊಡೀತು ನೋಡು, ಪಂಚಮಿ ಜೋಕಾಲಿ ಅಂದುಕೊಂಡೈತಿ ಅದು."

ಕಾಕಾ ಹಗ್ಗ ಸುತ್ತಿ ಕೆಳಗಿಟ್ಟ. "ನೀವಿಬ್ರೂ ನೋಡಿರಬಹುದು. ನಾ ನೋಡಿಲ್ಲ. ದೀಪಾ ಉರೀಬೇಕು, ನಾ ನೋಡಬೇಕು. ಇಲ್ಲಾಂದ್ರ ಯಾರೂ ಇಳಿಯಂಗಿಲ್ಲ."

ಅಕ್ಕ ಎದ್ದು ಕುಳಿತು ತನ್ನ ಜಡೆ ಮುಂದಕ್ಕೆ ತಂದುಕೊಂಡಳು. ಜಡೆಯ ತುದಿಗೆ ಕೆಂಪು ಉಣ್ಣೆಯ ಗೊಂಡೆಯಿತ್ತು, ಹಬ್ಬಕ್ಕೆಂದು ಹೊಸದು. ಅದನ್ನು ಬಿಚ್ಚಿ ಉದ್ದನೆಯ ದಾರಕ್ಕೆ ಕಟ್ಟಿದಳು. ಕಾಕಾ ಒಂದು ಬದಿಗೆ ದೀಪ ಇಳಿಸಿದ. ಅವಳು ಇನ್ನೊಂದು ಬದಿಗೆ ಗೊಂಡೆ ಇಳಿಸಿ ಕುಣಿಸಿದಳು. ಮೂರೂ ಮರಿ ಗೊಂಡೆಯ ಹಿಂದೆ ಬಿದ್ದವು. ದೀಪದ ಹತ್ತಿರ ಒಂದೂ ಸುಳಿಯಲಿಲ್ಲ. ಕಾಕಾ ಹೊಟ್ಟೆಯ ಮೇಲೆ ಮಲಗಿ ನೋಡಿದ. ಒಂದು ವೀಳ್ಯದೆಲೆ ಬಾಯಿಗೆ ಹಾಕಿಕೊಂಡು, ಅಗಿದು ಮುಗಿಸುವ ತನಕ ನೋಡಿದ. ದೀಪ ನೆಟ್ಟಗೆ ಉರಿಯುತ್ತಿತ್ತು.

"ಛಲೋ," ಎಂದು ಎದ್ದ. "ಇಳಿಯೋರು ಯಾರು?"

ಕಾಕಾನ ಭುಜ ಬಾಯಿಯಲ್ಲಿ ಹಿಡಿಯುತ್ತಿರಲಿಲ್ಲ. ನನ್ನದು ಹಿಡಿಯುತ್ತಿತ್ತು, ಪ್ರತಿ ವರ್ಷ ನಾನೇ ಇಳಿಯುತ್ತಿದ್ದೆ. ಆದರೆ ಮೇಲಿನಿಂದ ಎಳೆಯಲು ಇಬ್ಬರು ಗಟ್ಟಿ ಆಳು ಬೇಕು. ಅವತ್ತು ಗಂಡಾಳೆಂದರೆ ನಾವಿಬ್ಬರೇ. ಉಳಿದವರೆಲ್ಲ ಎಡೆ ಹೊಡೆದು ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದರು.

"ನಾ ಇಳೀತೀನಿ," ಎಂದಳು ಅಕ್ಕ. "ಜೋಕಾಲಿ ಹಗ್ಗ ಬಿಚ್ಚು ತಮ್ಮಾ. ಮ್ಯಾಲ ಹೋಗಾಕ ಅಂಜಿಲ್ಲ, ಕೆಳಗ ಹೋಗಾಕ ಅಂಜತೀನೇನು?"

ಕಾಕಾ ತನ್ನ ಕೈಯಿಂದಲೇ ಗಂಟು ಹಾಕಿದ, ಮೂರು ಸಲ ಜಗ್ಗಿ ನೋಡಿದ. "ಮಾತಾಡಕೋತ ಇಳಿ. ಬಾಯಿ ಮುಚ್ಚಬ್ಯಾಡ. ಮಾತು ನಿಂತ್ರ ಎಳದಬಿಡತೀವಿ. ನಿನಗ ಅದೇನು ತ್ರಾಸಿಲ್ಲ ಬಿಡು."

ಅವಳು ಇಳಿದಳು. ನಮ್ಮ ಕೈಯಲ್ಲಿ ಹಗ್ಗ ಸಾಗುತ್ತಿತ್ತು, ಒಳಗಿಂದ ಮಾತು ಬರುತ್ತಿತ್ತು. "ಏನು ಮಾತಾಡ್ಲಿ? ಗಂಡನ ಮನಿ ಅತ್ತಿ ಸುದ್ದಿ ಹೇಳ್ಲಿ? ರೊಟ್ಟಿ ತೆಳ್ಳಗ ಬಡದ್ರ, ಬಾಯಾಗ ಸಿಗವಲ್ದು ಅಂತಾಳ. ದಪ್ಪಗ ಬಡದ್ರ, ಮನಿಗೆ ಹೊಚ್ಚಾಕ ಬಡದೀಯೇನಂತಾಳ. ಮೊನ್ನೆ ಇಲಿ ಅಕಿ ಇಳಕಲ್ ಸೀರಿ ಕಡದೈತಿ. ಅದೂ ನನ್ನ ತಪ್ಪಂತ... ಬಾ, ಬಾ, ಕೆಂಪಾ... ಮುಟ್ಟಿದೆ ಕಾಕಾ, ಜೋಳಾ ಮುಟ್ಟಿದೆ..."

ಆಮೇಲೆ ಮಾತು ನಿಂತಿತು.

ಇಲ್ಲಿ ನಾನು ನಿಧಾನವಾಗಿ ಹೇಳಬೇಕು. ಮಾತು ನಿಂತದ್ದಕ್ಕೂ ಕಾಕಾ "ಎಳಿ!" ಎಂದು ಕೂಗಿದ್ದಕ್ಕೂ ನಡುವೆ ಎರಡು ಉಸಿರಿನಷ್ಟು ಹೊತ್ತು ಇದ್ದಿರಬಹುದು. ಆ ಹೊತ್ತಿನಲ್ಲಿ ನಾನು ಪಂಜವನ್ನು ನಿಜವಾಗಿ ನೋಡಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಮೂರನೆಯ ಸಲ ದೀಪ ಉರಿದದ್ದು, ಕಾಕಾ ನೋಡಿದ್ದು, ಒಂದೂ ನೆನಪಾಗಲಿಲ್ಲ. ನಾನು ಹೇಳಿದ ಮಾತಿನ ಮೇಲೆ ಅವಳು ಇಳಿದಿದ್ದಾಳೆ ಎಂಬುದೊಂದೇ ತಲೆಯಲ್ಲಿತ್ತು. ಅಂಗೈ ಬೆವರಿ ಹಗ್ಗ ಜಾರಿತು. ಕಾಕಾನದು ಜಾರಲಿಲ್ಲ. ಎಳೆದೆವು. ಅತ್ತಿಯೂ ಬಂದು ಹಿಂದಿನಿಂದ ಹಿಡಿದಳು.

ಮೊದಲು ಅವಳ ತಲೆ ಬಂತು, ಕಣ್ಣು ದೊಡ್ಡದಾಗಿ ತೆರೆದಿತ್ತು. ಬಾಯಲ್ಲಿ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಮಡಿಲಿನ ತುಂಬ ಮರಿ. ನೆಲದ ಮೇಲೆ ಕುಳಿತು ಸೆರಗು ಬಿಟ್ಟವಳೇ, "ಮಾತಾಡು ಅಂದ್ರ ಹೆಂಗ ಮಾತಾಡ್ಲಿ? ಒಂದು ಕೈಯಾಗ ಹಗ್ಗ, ಒಂದು ಕೈಯಾಗ ಮರಿ. ಸೆರಗು ಹಲ್ಲಾಗ ಹಿಡೀಲಿಲ್ಲಂದ್ರ ನೀ ಬಂದು ಹಿಡೀತಿದ್ದೇನು? ತಲಿ ಬಡೀತು, ಹಂಗ ಎಳೀತಾರೇನು!"

ಕಾಕಾ ಗೋದಲಿಯ ಮೇಲೆ ಕುಳಿತು, ಮುಖ ಆ ಕಡೆಗೆ ತಿರುಗಿಸಿಕೊಂಡು, ರುಮಾಲಿನಿಂದ ಒರೆಸಿಕೊಂಡ. ಆಮೇಲೆ, "ಮೂರೂ ಬಂದಾವೇನು?" ಎಂದ.

"ಬಂದಾವು. ಆಡಸಾಕ ಒಯ್ದ ಗೊಂಡೆ ಅಲ್ಲೇ ಉಳೀತು."

ಅಕ್ಕ ಮರಿಗಳನ್ನು ಕೆಳಗೆ ಬಿಡಲು ಬಾಗಿದಳು. ಅತ್ತಿ ತಡೆದಳು. ನಮ್ಮ ಕಡೆ ತವರಿಗೆ ಬಂದ ಮಗಳು ಹೊರಡುವಾಗ ಸೆರಗಿನ ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಕಳಿಸುತ್ತಾರೆ. ಉಡಿ ತುಂಬುವುದು ಎನ್ನುತ್ತಾರೆ. ಉಡಿಯಲ್ಲಿ ಬಿದ್ದದ್ದನ್ನು ಹೆಣ್ಣುಮಕ್ಕಳು ಬೇಡ ಎನ್ನುವಂತಿಲ್ಲ, ಗಂಡನ ಮನೆಯವರೂ ಹೊರಗೆ ಹಾಕುವಂತಿಲ್ಲ.

"ಉಡಿಯಾಗ ಬಂದಾವು," ಎಂದಳು ಅತ್ತಿ. "ಇನ್ನ ಬೀದಿಗೆ ಬಿಡಂಗಿಲ್ಲ. ಉಡಿಯಾಗ ಹೋಗಬೇಕು."

"ಮೂರೂ ನನಗೇನತ್ತಿ? ಅಲ್ಲಿ ನಮ್ಮತ್ತಿ ಮೂರರ ಕೂಡ ನನ್ನೂ ಹಳ್ಳದಾಚೆ ಬಿಟ್ಟ ಬರತಾಳ."

ಮಧ್ಯಾಹ್ನ ಮಳೆ ಬಂತು. ಅದಕ್ಕೆ ಮೊದಲೇ, ಮೋಡ ಕಂಡು ಹೊಲದಿಂದ ಮರಳಿದವರು ಹಗ್ಗ ಹಿಡಿಯಲು, ನಾನು ಇಳಿದು ಅಳ್ಳಿಗೆ ಬೇಕಾದಷ್ಟು ಜೋಳ ಮತ್ತು ಗೊಂಡೆ ತಂದಿದ್ದೆ, ಕಲ್ಲು ಮುಚ್ಚಿಯಾಗಿತ್ತು. ಹಬ್ಬದ ನಾಲ್ಕು ದಿನ ಮರಿಗಳು ಒಲೆಯ ಪಕ್ಕದಲ್ಲಿ ಬೆಳೆದವು. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿದ್ದ ಕಾಲ. ಜೋಕಾಲಿ ಆಡಲು ಬಂದವರನ್ನು ಅತ್ತಿ ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡು ಕೇಳುತ್ತಿದ್ದಳು: "ನಿಮ್ಮನ್ಯಾಗ ಹೈನ ಐತೇನು? ನಾಯಿ ಕಟ್ಟೀರೇನು? ನಿಮ್ಮ ಮಾವ ಸಿಟ್ಟಿನವನೇನು? ಒಲಿ ಮುಂದ ಮಲಗಾಕ ಬಿಡತೀರೋ ಇಲ್ಲೋ?"

ಅಕ್ಕ ಹಬ್ಬದ ಉಂಡೆ ತಿನ್ನುತ್ತ, "ನನ್ನ ಕೊಡೂ ಮುಂದ ಇಷ್ಟ ಕೇಳಿದ್ದಿಲ್ಲಲ್ಲತ್ತಿ!" ಎಂದಳು.

"ನಿನಗ ಬಾಯಿತ್ತು. ಇವಕ್ಕಿಲ್ಲ."

ಬೂದು ಮರಿ ಪಕ್ಕದ ಮನೆಯ ಮಗಳ ಉಡಿಯಲ್ಲಿ ಗಂಗಾವತಿ ಕಡೆಗೆ ಹೋಯಿತು. ಭತ್ತದ ಸೀಮೆ, ಅಲ್ಲಿ ಇಲಿಗೆ ಬರವಿರಲಿಲ್ಲ. ಕೆಂದು ಮರಿಯನ್ನು ಅಕ್ಕ ಒಯ್ದಳು. ಮುಂದಿನ ಪಂಚಮಿಗೆ ಬಂದಾಗ ಹೇಳಿದಳು: ಮೊದಲ ದಿನ ಅವಳ ಅತ್ತೆ ಉಡಿ ನೋಡಿ ಬಾಯಿ ತೆರೆದವಳು ಅಕ್ಕಿ ಕೊಬ್ಬರಿ ನೋಡಿ ಮುಚ್ಚಿದಳಂತೆ. ಈಗ ಬೆಕ್ಕು ಆ ಅತ್ತೆಯ ತೊಡೆಯ ಮೇಲೇ ಮಲಗುತ್ತದಂತೆ. ಸೊಸೆ ತವರಿನಿಂದ ತಂದದ್ದರಲ್ಲಿ ಇದೊಂದೇ ನೆಟ್ಟಗಿನದು ಎಂದು ಬಂದವರಿಗೆಲ್ಲ ಹೇಳುತ್ತಾಳಂತೆ.

ಬಿಳಿ ಕಾಲಿನ ಕರಿಯದಕ್ಕೆ ಮಾತ್ರ ಅತ್ತಿಯ ಪ್ರಶ್ನೆಗಳಲ್ಲಿ ಯಾವ ಮನೆಯೂ ಪಾಸಾಗಲಿಲ್ಲ. ಕೊನೆಯ ದಿನ ಕಾಕಾ, ಯಾರೂ ಕೇಳದಿದ್ದರೂ, "ಅದು ಇಲ್ಲೇ ಇರವಲ್ದ್ಯಾಕ. ಬರೂ ವರ್ಷ ದೀಪಾ ಆರಸಾಕ ಯಾರರ ಬೇಕಲ್ಲ," ಎಂದ. ಅತ್ತಿ ಅವನ ಧೋತರದ ಚುಂಗು ಹಿಡಿಸಿ, ಒಂದು ಹಿಡಿ ಅಕ್ಕಿಯೊಂದಿಗೆ ಮರಿಯನ್ನು ಹಾಕಿದಳು. ಓಣಿಯ ಹೆಣ್ಣುಮಕ್ಕಳು ನಕ್ಕ ನಗೆಗೆ ಕಟ್ಟಿದ ದನ ಎದ್ದು ನಿಂತವು. ಅದು ನಮ್ಮಲ್ಲಿ ಹನ್ನೊಂದು ವರ್ಷ ಬದುಕಿತು. ಕಾಕಾ ಹಗೇವು ತೆರೆದಾಗಲೆಲ್ಲ ಮೊದಲು ಅದನ್ನು ಕೋಣೆಯಲ್ಲಿ ಕೂಡಿ ಚಿಲಕ ಹಾಕುತ್ತಿದ್ದ.

ಕಾಕಾ ಈಗ ಇಲ್ಲ. ಅತ್ತಿಯೂ ಇಲ್ಲ. ಪಂಜ ದೀಪಕ್ಕೆ ಬಡಿದದ್ದನ್ನು ಕಣ್ಣಾರೆ ಕಂಡವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬಳು ನಮ್ಮ ಅಕ್ಕ, ಕುಷ್ಟಗಿ ಸೀಮೆಯ ಅದೇ ಮನೆಯಲ್ಲಿ ಇದ್ದಾಳೆ, ಈಗ ಅವಳೇ ಸೊಸೆಯರ ರೊಟ್ಟಿಗೆ ಹೆಸರಿಡುತ್ತಾಳೆ. ಕೇಳಿದರೆ ಅವಳೂ ಹೇಳುತ್ತಾಳೆ. ಆದರೆ ಬಡಿದದ್ದು ಎಡಗಾಲು ಎನ್ನುತ್ತಾಳೆ. ಬಲಗಾಲು.